ಮಂಗನ ಕಾಯಿಲೆಯೂ ಸೌದೆಯ ಹೊರೆಯೂ

ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಕಂಡುಬಂದ ಮಂಗನ ಕಾಯಿಲೆಯ ಹರಹನ್ನು ಗಣಿತದಿಂದ ಅಳೆಯುವವರು ಸತ್ತ ಮಂಗಗಳನ್ನೂ ಉಣುಗುಗಳನ್ನೂ ಎಣಿಸುತ್ತಾರೆ. ಅದು ಅವಶ್ಯವೇ ಸರಿ. ಆದರೆ ಉಣುಗಿನ ಬಳಿಗೆ ಹೋಗುವವನು ಮನುಷ್ಯ; ಅವನು ಏಕೆ ಹೋಗುತ್ತಾನೆಂಬುದು ಲೆಕ್ಕದೊಳಗೆ ಬರಬೇಡವೆ? ಮಳೆ ಕಳೆದು ಎಲೆ ಉದುರುವ ತಿಂಗಳುಗಳಲ್ಲಿ ಮರಿ ಉಣುಗುಗಳ ಕಾಟ ಹೆಚ್ಚು. ಕೊಟ್ಟಿಗೆಗೆ ತರಗೆಲೆ, ಒಲೆಗೆ ಸೌದೆ ಕೂಡಿಡುವ ಕಾಲವೂ ಅದೇ. ಹಳೆಯ ಲಸಿಕೆ 2022ರಲ್ಲಿ ನಿಂತುಹೋಯಿತು. “ಕಾಡಿಗೆ ಹೋಗಬೇಡಿ” ಎಂದು ಡಂಗುರ ಹೊಡೆಯುವುದೇನೋ ಸುಲಭ, (ಡಂಗುರದವನ ಮನೆಯ ಒಲೆಯೂ ಸೌದೆಯದೇ!) ಕೂಲಿಯವನ ಅಂದಿನ ಗಂಜಿಗೆ ದಾರಿ ಯಾವುದು? ಸೌದೆಯ ಬೆಲೆ, ಕೂಲಿಯ ದರ, ತೋಟದ ಗೊಬ್ಬರ ಇವೂ ಆ ಸಮೀಕರಣದ ಅಂಕಗಳಾಗಬೇಕೆಂಬುದು ನನ್ನ ವಾದ. ಆ ತಿಂಗಳುಗಳಲ್ಲಿ ಅಡುಗೆ ಅನಿಲ ಅಗ್ಗವಾಗಿ ದೊರೆತರೆ ರೋಗಿಗಳ ಸಂಖ್ಯೆ ಎಷ್ಟು ಇಳಿದೀತೆಂದು ನಮ್ಮ ಪ್ರಾಣಿಶಾಸ್ತ್ರ, ಅರ್ಥಶಾಸ್ತ್ರದ ಅಧ್ಯಾಪಕರು ಕೂಡಿ ಕುಳಿತು ನೋಡಬಾರದೆ?