ಕಣಕ್ಕೆ ಸಿಮೆಂಟು, ನೀರಿಗೆ ವಿಷ

2025ರ ಜುಲೈ 14ರಂದು ಬೆಳಗಾವಿ ಜಿಲ್ಲೆಯ ಸವದತ್ತಿ ತಾಲ್ಲೂಕಿನ ಹೂಲಿಕಟ್ಟಿಯ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಮಕ್ಕಳು ಟ್ಯಾಂಕಿನ ನೀರು ಕುಡಿದು ಅಸ್ವಸ್ಥರಾದರು. ಆ ನೀರಿಗೆ ಯಾರೋ ವಿಷ ಬೆರೆಸಿದ್ದರು. ಮುಂದೆ ಪೊಲೀಸರು ಮೂವರನ್ನು ಹಿಡಿದರು. ಅವರಲ್ಲಿ ಒಬ್ಬ ಧರ್ಮದ ಹೆಸರಿನ ಸಂಘಟನೆಯೊಂದರ ತಾಲ್ಲೂಕು ಮುಖಂಡ. ಶಾಲೆಯ ಮುಖ್ಯೋಪಾಧ್ಯಾಯರು ಮುಸ್ಲಿಮರು, 13 ವರ್ಷದಿಂದ ಅದೇ ಊರಿನ ಮಕ್ಕಳಿಗೆ ಅಕ್ಷರ ಕಲಿಸುತ್ತಿದ್ದವರು. ಅವರ ಹೆಸರು ಕೆಡಿಸಿ ಎತ್ತಂಗಡಿ ಮಾಡಿಸುವುದಕ್ಕಾಗಿ ಈ ಕೆಲಸ ನಡೆಯಿತು ಎಂದು ಪೊಲೀಸರು ಹೇಳಿದರು. ವಿಷ ಸುರಿಯುವುದಕ್ಕೂ ಒಬ್ಬ ಶಾಲಾ ಹುಡುಗನನ್ನೇ ಬಳಸಿದ್ದರು. ಅವನ ಕೈಗೆ ಚಾಕೊಲೇಟು, ಚಿಪ್ಸು, 500 ರೂಪಾಯಿ ಇಟ್ಟಿದ್ದರಂತೆ. ಮಕ್ಕಳು ಬದುಕಿಕೊಂಡರು. ನಮ್ಮ ಪುಣ್ಯ, ಅವರಪ್ಪ ಅವ್ವಂದಿರ ಪುಣ್ಯ.

ಕುಸ್ತಿ ಕಣ, ಆಟದ ಮೈದಾನದ ಬಗ್ಗೆ ಬರೆಯಲು ಕುಳಿತವನು ಈ ಸುದ್ದಿಯಿಂದಲೇ ಶುರು ಮಾಡಲು ಕಾರಣವಿದೆ. ಹೂಲಿಕಟ್ಟಿಯಲ್ಲಿ ಕೊಲ್ಲಲು ಹೊರಟದ್ದು ಎಳೆಯ ಜೀವಗಳನ್ನು. ಅದರ ಜೊತೆಗೆ ಒಂದೇ ಅಂಗಳದಲ್ಲಿ ಬೇರೆ ಬೇರೆ ಮನೆತನದ ಜನ ಕೂಡಿ ನಿಲ್ಲುವ ರೂಢಿಯನ್ನೂ ಕೊಲ್ಲಲು ಹೊರಟಿದ್ದರು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಸೀಮೆಯಲ್ಲಿ ಆ ರೂಢಿಯನ್ನು ಇಷ್ಟು ಕಾಲ ಹಿಡಿದು ಉಳಿಸಿದ್ದು ಭಾಷಣಗಳಲ್ಲ. ಜಾತ್ರೆ, ಮೊಹರಂ, ಶಾಲೆಯ ಅಂಗಳ ಮತ್ತು ಕುಸ್ತಿಯ ಕಣ ಅದನ್ನು ಉಳಿಸಿದವು. ಈಗ ಅವನ್ನು ಎರಡೂ ಕಡೆಯಿಂದ ಕೆಡವುತ್ತಿದ್ದಾರೆ. ಒಂದು ಕಡೆ ದ್ವೇಷ ಕಲಿಸುವವರು, ಇನ್ನೊಂದು ಕಡೆ ದ್ವೇಷವೇನೂ ಇಲ್ಲದೆ ಬರೀ ಅಸಡ್ಡೆಯಿಂದ ಬುಲ್ಡೋಜರ್ ಹತ್ತಿಸುವವರು. ಎರಡನೆಯವರ ಮೇಲೂ ನನಗೆ ಅಷ್ಟೇ ಸಿಟ್ಟಿದೆ. ಯಾಕೆಂದರೆ ಅವರ ಮೇಲೆ ಯಾವ ಠಾಣೆಯಲ್ಲೂ ಪ್ರಕರಣ ದಾಖಲಾಗುವುದಿಲ್ಲ.

ಗರಡಿಮನೆ ಅಂದರೆ ಏನೆಂದು ಗೊತ್ತಿಲ್ಲದವರು ಅದನ್ನು ಒಡೆಯಲು ಆದೇಶ ಬರೆಯುತ್ತಾರೆ. ಆದ್ದರಿಂದ ಹೇಳುತ್ತೇನೆ. ಬಾಗಿ ಒಳಗೆ ಹೋಗುವಂಥ ಗಿಡ್ಡ ಬಾಗಿಲು, ನೆಲಮಟ್ಟಕ್ಕಿಂತ ಕೆಳಗೆ ಕೆಮ್ಮಣ್ಣಿನ ಕಣ. ಆ ಮಣ್ಣನ್ನು ಸೋಸಿ, ಎಣ್ಣೆ, ಮಜ್ಜಿಗೆ, ಲಿಂಬೆರಸ, ಅರಿಸಿನ ಹಾಕಿ ಹದ ಮಾಡುತ್ತಾರೆ. ಬಿದ್ದವನ ಚರ್ಮ ಕಿತ್ತುಹೋಗಬಾರದು, ಗಾಯ ಕೀವುಗಟ್ಟಬಾರದು ಅನ್ನುವುದು ಅದರ ಹಿಂದಿನ ಬುದ್ಧಿ. ಹದ ಆರದಂತೆ ದಿನಾ ಸಲಿಕೆ ಹಿಡಿದು ಮಗುಚಬೇಕು. ಗೋಡೆಯ ಮೇಲೆ ಹನುಮಪ್ಪ. ಆ ಹನುಮಪ್ಪನ ಕೆಳಗೆ ನಿಂತು ಪಟ್ಟು ಹೇಳಿಕೊಡುವ ವಸ್ತಾದ ಎಷ್ಟೋ ಊರಲ್ಲಿ ಸಾಬರವರು. ಶಿಷ್ಯರು ಅವರ ಕಾಲು ಮುಟ್ಟಿ ಕಣಕ್ಕಿಳಿಯುತ್ತಾರೆ. ಇದನ್ನು ಯಾರೂ ಸೌಹಾರ್ದ ಕಾರ್ಯಕ್ರಮ ಎಂದು ಕರೆಯಲಿಲ್ಲ, ಬ್ಯಾನರ್ ಕಟ್ಟಲಿಲ್ಲ. ಪಟ್ಟು ಬಲ್ಲವನು ಗುರು, ಅಷ್ಟೇ ಲೆಕ್ಕ.

ಜಾತ್ರೆಯ ಕುಸ್ತಿಗೆ ಸೇರುವ ಮಂದಿಯನ್ನು ನೋಡಬೇಕು. ಲಿಂಗಾಯತ ರೈತ, ಕುರುಬ, ಬೇಡರವರು, ರಾಮದುರ್ಗದ ಕಡೆಯ ನೇಕಾರ, ಮರಾಠರು, ಜೈನರು, ಮುಸ್ಲಿಮರು ಒಬ್ಬರ ಹೆಗಲಿಗೆ ಒಬ್ಬರು ಆತು ಕುಳಿತಿರುತ್ತಾರೆ. ಹಲಗಿ ಏರಿದಂತೆ ಎಲ್ಲರ ಎದೆಯೂ ಏರುತ್ತದೆ. ಗೆದ್ದವನು ಮಂದಿಯ ಸುತ್ತ ಒಂದು ಸುತ್ತು ಬರುತ್ತಾನೆ. ಆಗ ಕಿಸೆಯಿಂದ ಹತ್ತು, ಇಪ್ಪತ್ತು, ನೂರರ ನೋಟು ತೆಗೆದು ಕೊಡುವ ಕೈಗಳು ಅವನು ಯಾರ ಮಗ ಎಂದು ನೋಡುವುದಿಲ್ಲ. ಆ ಇನಾಮಿನಿಂದಲೇ ಅವನ ಹಾಲು, ಬಾದಾಮಿಯ ಖರ್ಚು ನಡೆಯಬೇಕು. ಆಟಗಾರನನ್ನು ಊರೇ ಸಾಕುವ ಪದ್ಧತಿ ಇದು. ಯುರೋಪಿನ ಫುಟ್‌ಬಾಲ್ ಕ್ಲಬ್ಬುಗಳು ಈಗ ತಮ್ಮ ಓಣಿಯ ಜನರನ್ನು, ವಲಸೆ ಬಂದವರನ್ನು ಮೈದಾನಕ್ಕೆ ಕರೆತರಲು ಬೇರೆ ವಿಭಾಗವನ್ನೇ ತೆರೆದು ದುಡಿಯುತ್ತಿವೆ. ನಮ್ಮಲ್ಲಿ ಅದು ಕೇಳದೆಯೇ ಇತ್ತು.

ಎಲ್ಲವೂ ಚೆಂದವಾಗಿತ್ತು ಎಂದು ನಾನು ಹೇಳುತ್ತಿಲ್ಲ. ಹಲಗಿ ಬಾರಿಸುವವನಿಗೆ ಕಣದ ಅಂಚು, ಅವನ ಮಗನಿಗೆ ಕಣದೊಳಗೆ ಜಾಗವಿಲ್ಲ ಅನ್ನುವ ಅನ್ಯಾಯ ಎಷ್ಟೋ ಊರಲ್ಲಿ ನಡೆದಿದೆ. ಬೆಳವಡಿ ಮಲ್ಲಮ್ಮ ಹೆಣ್ಣುಮಕ್ಕಳ ಪಡೆ ಕಟ್ಟಿದ ನೆಲ ನಮ್ಮದು. ಆದರೂ ಗರಡಿಯ ಹೊಸ್ತಿಲು ದಾಟಲು ನಮ್ಮ ಹುಡುಗಿಯರು ಮೊನ್ನೆ ಮೊನ್ನೆಯವರೆಗೆ ಕಾಯಬೇಕಾಯಿತು. ಆ ಬಾಗಿಲನ್ನು ಇನ್ನಷ್ಟು ಅಗಲ ಮಾಡಬೇಕಾದ ಹೊತ್ತಿನಲ್ಲಿ ಗೋಡೆಯನ್ನೇ ಕೆಡವುತ್ತಿದ್ದಾರಲ್ಲ, ಅದು ನನ್ನ ತಕರಾರು.

ಸಂಗೊಳ್ಳಿಗೆ ಹೋದರೆ ರಾಯಣ್ಣನ ಗರಡಿಮನೆ ಇದು ಎಂದು ತೋರಿಸುತ್ತಾರೆ. ಕಿತ್ತೂರಿನ ರಾಣಿ ಚನ್ನಮ್ಮ ಬೈಲಹೊಂಗಲದ ಸೆರೆ ಸೇರಿದ ಮೇಲೆ, ಕಂಪನಿ ಸರ್ಕಾರದ ಮೇಲೆ ಮತ್ತೆ ಬಿದ್ದವನು ರಾಯಣ್ಣ. 1831ರಲ್ಲಿ ನಂದಗಡದಲ್ಲಿ ಅವನನ್ನು ನೇಣಿಗೆ ಹಾಕಿದರು. ಅವನ ಜೊತೆ ಕಾಡು ಮೇಡು ಅಲೆದವರಲ್ಲಿ ಗಜವೀರ ಎಂಬ ಸಿದ್ದಿಯೂ ಇದ್ದ ಎಂದು ನಮ್ಮ ಜನ ಇಂದಿಗೂ ಹೇಳುತ್ತಾರೆ. ಕುರುಬರ ಹುಡುಗ ಮತ್ತು ಆಫ್ರಿಕಾ ಮೂಲದ ಸಿದ್ದಿ ಒಂದೇ ದಂಡಿನಲ್ಲಿ! ಆ ಸಿದ್ದಿಗಳ ಮಕ್ಕಳು ಕಿತ್ತೂರಿನ ಪಕ್ಕದ ಖಾನಾಪುರ ತಾಲ್ಲೂಕಿನಲ್ಲಿ, ಹಳಿಯಾಳ, ಯಲ್ಲಾಪುರದ ಕಾಡಂಚಿನಲ್ಲಿ ಈಗಲೂ ಇದ್ದಾರೆ. ಅವರಿಗೆ ನಮ್ಮ ದೇಶ ಏನು ಮಾಡಿತು? 1987ರಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ಅವರನ್ನು ಹುಡುಕಿಕೊಂಡು ಬಂತು. ಆಫ್ರಿಕಾ ರಕ್ತ, ಓಟದಲ್ಲಿ ಪದಕ ತರುತ್ತಾರೆ ಎಂದು ಮಕ್ಕಳನ್ನು ಆರಿಸಿ ಹಾಸ್ಟೆಲ್ಲಿಗೆ ಸೇರಿಸಿತು. ಹುಡುಗ ಹುಡುಗಿಯರು ರಾಷ್ಟ್ರಮಟ್ಟದಲ್ಲಿ ಗೆಲ್ಲತೊಡಗಿದರು. 1993ರ ಹೊತ್ತಿಗೆ ಆ ಯೋಜನೆಯನ್ನೇ ನಿಲ್ಲಿಸಿಬಿಟ್ಟರು. ಓಡುತ್ತಿದ್ದವರು ಊರಿಗೆ ಮರಳಿ ಕೂಲಿಗೆ ನಡೆದರು. ಒಂದು ಜನಾಂಗದ ಆಸೆಯನ್ನು ಎತ್ತಿ ನಿಲ್ಲಿಸಿ, ಅರ್ಧ ದಾರಿಯಲ್ಲಿ ಕೈಬಿಟ್ಟವರು ಯಾರಿಗಾದರೂ ಉತ್ತರ ಹೇಳಿದರೆ? ಇಲ್ಲ.

ಭಾಷೆಯ ಗಡಿಯನ್ನೂ ಕುಸ್ತಿ ಲೆಕ್ಕಕ್ಕೆ ಇಟ್ಟುಕೊಳ್ಳಲಿಲ್ಲ. ನಮ್ಮದೇ ಜಿಲ್ಲೆಯ ಯಕ್ಸಂಬಾದಲ್ಲಿ ಹುಟ್ಟಿದ ಶ್ರೀಪತಿ ಖಂಚನಾಳೆ ಕೊಲ್ಹಾಪುರದಲ್ಲಿ ಬೆಳೆದು 1959ರಲ್ಲಿ ಹಿಂದ್ ಕೇಸರಿಯಾದರು. ಅದೇ ವರ್ಷ ಮಹಾರಾಷ್ಟ್ರ ಕೇಸರಿಯೂ ಆದರು. ಅವರು ಯಾರ ಪೈಲ್ವಾನ, ಕನ್ನಡಿಗರದೋ ಮರಾಠಿಗರದೋ ಎಂದು ಕಣದ ಸುತ್ತ ಕುಳಿತವರು ಜಗಳಾಡಲಿಲ್ಲ. ಶಾಹೂ ಮಹಾರಾಜರ ಆಳ್ವಿಕೆಯಲ್ಲಿ ಕಟ್ಟಿದ ಕೊಲ್ಹಾಪುರದ ಖಾಸಬಾಗ ಮೈದಾನ ನೂರು ವರ್ಷ ದಾಟಿಯೂ ಕುಸ್ತಿಯ ಮೈದಾನವಾಗಿಯೇ ಉಳಿದಿದೆ. ನಮ್ಮ ಕಡೆಯ ಪೈಲ್ವಾನರು ಅಲ್ಲಿಗೆ ಹೋಗಿ ಕುಸ್ತಿ ಹಿಡಿದು ಹೆಸರು ಮಾಡಿದರು. ಇಲ್ಲಿ ನಾವು ಕಳೆದುಕೊಂಡದ್ದನ್ನು ಎಣಿಸೋಣ ಬನ್ನಿ.

ಗರಡಿಮನೆ ಕಟ್ಟಲು ಸರ್ಕಾರದ ಅನುದಾನ ಬರುತ್ತದೆ. ಹಳೆಯ ಹೆಂಚಿನ ಗರಡಿ ಕೆಡವುತ್ತಾರೆ, ಕಾಂಕ್ರೀಟಿನ ಹಾಲ್ ಏಳುತ್ತದೆ. ನೆಲಕ್ಕೆ ಟೈಲ್ಸ್! ಟೈಲ್ಸಿನ ಮೇಲೆ ಯಾವ ಹುಡುಗ ಬೀಳಬೇಕು? ಎಸ್ಟಿಮೇಟಿನಲ್ಲಿ ಸಿಮೆಂಟು, ಸಳಿ, ಬಣ್ಣಕ್ಕೆ ದುಡ್ಡು ಇರುತ್ತದೆ, ಒಂದು ಟ್ರ್ಯಾಕ್ಟರ್ ಕೆಮ್ಮಣ್ಣಿಗೆ ಇರುವುದಿಲ್ಲ. ಉದ್ಘಾಟನೆಯ ಕಲ್ಲಿನಲ್ಲಿ ಹತ್ತು ಹೆಸರು ಕೊರೆಸಿರುತ್ತಾರೆ, ವಸ್ತಾದನ ಹೆಸರು ಇರುವುದಿಲ್ಲ. ಕೆಲವು ತಿಂಗಳಲ್ಲಿ ಬೀಗ ಬೀಳುತ್ತದೆ. ಬೀಗದ ಹಿಂದೆ ಗೊಬ್ಬರದ ಚೀಲ, ಚುನಾವಣೆಯ ಸಾಮಾನು, ಮುರಿದ ಕುರ್ಚಿ. ಇದನ್ನು ಒಂದೂರಲ್ಲಿ ಕಂಡು ಬರೆಯುತ್ತಿಲ್ಲ. ನಮ್ಮ ಸೀಮೆಯಲ್ಲಿ ತಿರುಗಾಡಿದವರು ಎಲ್ಲರೂ ಕಂಡದ್ದೇ ಇದು.

ಶಾಲೆಯ ಬಯಲಿನ ಕತೆಯೂ ಬೇರೆಯಲ್ಲ. ಖಾಲಿ ಬಿದ್ದಿದೆಯಲ್ಲ ಅನ್ನುವ ಒಂದು ಮಾತಿನಿಂದ ಮೈದಾನದ ಸಾವು ಆರಂಭವಾಗುತ್ತದೆ. ಮೊದಲು ಒಂದು ಮೂಲೆಗೆ ನೀರಿನ ಟ್ಯಾಂಕು ಬರುತ್ತದೆ. ಆಮೇಲೆ ಅಂಗನವಾಡಿ, ಆಮೇಲೆ ಸಮುದಾಯ ಭವನ, ರಸ್ತೆಯ ಬದಿಗೆ ಬಾಡಿಗೆ ಮಳಿಗೆ. ಉಳಿದ ತುಂಡಿನಲ್ಲಿ ನಾಯಕರು ಬಂದಾಗ ಪೆಂಡಾಲು. ಪೆಂಡಾಲು ಕಿತ್ತ ಮೇಲೆ ಗುಂಡಿ ಮುಚ್ಚುವುದಿಲ್ಲ. ಆ ಗುಂಡಿಯಲ್ಲಿ ಕಾಲು ಉಳುಕಿಸಿಕೊಂಡ ಹುಡುಗನ ಅಪ್ಪ ಕೂಲಿ ಬಿಟ್ಟು ಅವನನ್ನು ದವಾಖಾನೆಗೆ ಹೊತ್ತೊಯ್ಯಬೇಕು. ಆಟದ ಮೈದಾನ, ಉದ್ಯಾನಗಳನ್ನು ಕಾಪಾಡಲು ಕರ್ನಾಟಕದಲ್ಲಿ 1985ರಲ್ಲೇ ಕಾನೂನು ಆಯಿತು. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲಿ ಶಾಲೆಗೆ ಆಟದ ಬಯಲು ಇರಲೇಬೇಕು ಎಂದು ಬರೆದಿದೆ. ಹರಿಯಾಣದ ಹಳ್ಳಿಯೊಂದರ ಪ್ರಕರಣದಲ್ಲಿ 2023ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟು, ಶಾಲೆಯ ಮೈದಾನ ಒತ್ತಿದವರನ್ನು ಅಲ್ಲೇ ಉಳಿಸಿಕೊಳ್ಳಲು ಒಪ್ಪಲಿಲ್ಲ. ಕಾನೂನು ಇದೆ, ತೀರ್ಪು ಇದೆ. ನಮ್ಮ ತಾಲ್ಲೂಕು ಕಚೇರಿಗಳ ಕಪಾಟಿನಿಂದ ಅದು ಹೊರಗೆ ಬರುತ್ತಿಲ್ಲ.

ಇದೇ ಊರುಗಳ ಹುಡುಗರು ಈಗ ಮೆಸ್ಸಿಯ ಹತ್ತನೇ ನಂಬರಿನ ಅಂಗಿ ತೊಟ್ಟು ಸಂತೆಯಲ್ಲಿ ತಿರುಗುತ್ತಾರೆ. ರೊನಾಲ್ಡೊ ದೊಡ್ಡವನೋ ಮೆಸ್ಸಿ ದೊಡ್ಡವನೋ ಎಂದು ಬಸ್‌ಸ್ಟ್ಯಾಂಡಿನಲ್ಲಿ ವಾದ ಮಾಡುತ್ತಾರೆ. ಕಾಲಿಗೆ ಚೆಂಡು ಕೊಟ್ಟರೆ ಒದೆಯಲು ಜಾಗವಿಲ್ಲ. ದೂರದ ಊರಿನ ಕ್ಲಬ್ಬಿಗೆ ಅಭಿಮಾನಿಯಾಗುವುದು ತಪ್ಪಲ್ಲ, ಆದರೆ ಸ್ವಂತ ಊರಿನಲ್ಲಿ ಒಂದು ತಂಡಕ್ಕಾಗಿ ಕೂಗುವ ಸುಖವನ್ನು ಈ ಹುಡುಗರಿಂದ ಕಿತ್ತುಕೊಂಡವರು ನಾವು. ನಮ್ಮ ನಾಡಿಗೆ ಫುಟ್‌ಬಾಲ್ ಹೊಸದೂ ಅಲ್ಲ. ಮುಂಬಯಿಯ ರೋವರ್ಸ್ ಕಪ್ಪನ್ನು ಬ್ರಿಟಿಷ್ ಪಲ್ಟಣಗಳಿಂದ 1937ರಲ್ಲಿ ಕಸಿದು ತಂದ ಮೊದಲ ಭಾರತೀಯ ತಂಡ ಬೆಂಗಳೂರು ಮುಸ್ಲಿಮ್ಸ್. ಮರುವರ್ಷವೂ ಅವರೇ ಗೆದ್ದರು. 2023ರ ಮಾರ್ಚ್‌ನಲ್ಲಿ ರಿಯಾದಿನಲ್ಲಿ ಮೇಘಾಲಯವನ್ನು ಸೋಲಿಸಿ, 54 ವರ್ಷದ ಮೇಲೆ ಸಂತೋಷ್ ಟ್ರೋಫಿ ತಂದವರೂ ಕರ್ನಾಟಕದ ಹುಡುಗರೇ.

ಕೂಡಿ ಆಡಿದರೆ ಏನಾಗುತ್ತದೆ ಅನ್ನುವುದಕ್ಕೆ ಹೊರಗಿನ ಸಾಕ್ಷಿಯೂ ಇದೆ. ಇರಾಕಿನಲ್ಲಿ ಐಸಿಸ್ ಹಾವಳಿಯಿಂದ ನೊಂದು ಬಂದ ಕ್ರೈಸ್ತ ಹುಡುಗರ ಫುಟ್‌ಬಾಲ್ ತಂಡಗಳಲ್ಲಿ ಕೆಲವಕ್ಕೆ ಮುಸ್ಲಿಂ ಆಟಗಾರರನ್ನು ಸೇರಿಸಿ, ಸಲ್ಮಾ ಮೂಸಾ ಎಂಬ ಸಂಶೋಧಕಿ ಲೀಗ್ ನಡೆಸಿದರು. 2020ರಲ್ಲಿ ಅದರ ಫಲ ಪ್ರಕಟವಾಯಿತು. ಕೂಡಿ ಆಡಿದವರು ಆರು ತಿಂಗಳ ಮೇಲೂ ಮುಸ್ಲಿಂ ಗೆಳೆಯರ ಜೊತೆ ಅಭ್ಯಾಸಕ್ಕೆ ಬರುತ್ತಿದ್ದರು. ಆದರೆ ಮೈದಾನದ ಹೊರಗಿನ ಅಪರಿಚಿತರ ಬಗ್ಗೆ ಮನಸ್ಸು ಅಷ್ಟಾಗಿ ಬದಲಾಗಿರಲಿಲ್ಲ. ಮುಸ್ಲಿಂ ಆಟಗಾರ ಮೊಹಮ್ಮದ್ ಸಲಾ ಲಿವರ್‌ಪೂಲಿಗೆ ಬಂದ ಮೇಲೆ ಆ ಸೀಮೆಯಲ್ಲಿ ದ್ವೇಷದ ಅಪರಾಧ ಶೇಕಡಾ 16ರಷ್ಟು ತಗ್ಗಿತು ಎಂದು ಇನ್ನೊಂದು ಅಧ್ಯಯನ ಅಂದಾಜು ಮಾಡಿದೆ. ಇವೆರಡರಲ್ಲಿ ಇರಾಕಿನ ಪಾಠವೇ ನಮಗೆ ಹೆಚ್ಚು ಬೇಕಾದದ್ದು. ದಿನಾ ಮುಖ ನೋಡಿ, ದಿನಾ ಬಿದ್ದು ಎದ್ದವರ ನಡುವೆ ಮಾತ್ರ ನಂಬಿಕೆ ಕೂಡುತ್ತದೆ. ವರ್ಷಕ್ಕೊಂದು ದಿನ ಡಿಜೆ ಹಚ್ಚಿ, ಮುಖಂಡರ ಕಟೌಟ್ ನಿಲ್ಲಿಸಿ, ಲಕ್ಷ ರೂಪಾಯಿ ಬಹುಮಾನದ ಕಬಡ್ಡಿ ಪಂದ್ಯ ಮಾಡಿದರೆ ಕೂಡುವುದಿಲ್ಲ. ಆ ಲಕ್ಷದಲ್ಲಿ ಒಂದು ಊರಿನ ಕಣಕ್ಕೆ ಎಷ್ಟು ವರ್ಷದ ಮಣ್ಣು, ಎಷ್ಟು ಹುಡುಗರ ಹಾಲು ಬರುತ್ತಿತ್ತು! ಈಗ ಆ ಪಂದ್ಯಗಳ ಪೆಂಡಾಲಿನ ಮೇಲೂ ಬಾವುಟದ ಬಣ್ಣ ನೋಡಿ ಕಟ್ಟುವ ಚಾಳಿ ಹತ್ತಿದೆ. ತರುಣ ಸಂಘಗಳು ಜಾತಿಗೊಂದು, ಓಣಿಗೊಂದು ಒಡೆದುಕೊಂಡಿವೆ. ಸಂಘ ಕಟ್ಟುವ ಹುಡುಗರೇ, ನಿಮ್ಮ ತಂಡದ ಪಟ್ಟಿಯಲ್ಲಿ ನಿಮ್ಮ ಓಣಿಯ ಹೊರಗಿನ ಹೆಸರು ಎಷ್ಟಿವೆ, ಒಮ್ಮೆ ತೆಗೆದು ನೋಡಿ.

ಹೂಲಿಕಟ್ಟಿ ಇರುವ ಅದೇ ಸವದತ್ತಿ ತಾಲ್ಲೂಕಿನಲ್ಲಿ ಹಿರೇಬಿದನೂರು ಎಂಬ ಊರಿದೆ. ಅಲ್ಲಿ ಮುಸ್ಲಿಮರ ಒಂದು ಮನೆಯೂ ಇಲ್ಲ. ಆದರೂ ಊರವರು ಮಸೀದಿಯನ್ನು ಫಕೀರೇಶ್ವರ ಸ್ವಾಮಿಯ ಹೆಸರಿನಲ್ಲಿ ನಡೆಸಿಕೊಂಡು ಬಂದಿದ್ದಾರೆ, ಮೊಹರಂ ಐದು ದಿನ ಆಚರಿಸುತ್ತಾರೆ. ಯಾರೂ ಹೇಳಿಕೊಟ್ಟದ್ದಲ್ಲ, ಯಾರಿಗೂ ತೋರಿಸಲು ಮಾಡುವುದೂ ಅಲ್ಲ. ಟ್ಯಾಂಕಿಗೆ ವಿಷ ಹಾಕಿಸಿದವರು ಇಂಥ ಊರಿನ ಮಗ್ಗುಲಲ್ಲೇ ಹುಟ್ಟಿ ಬೆಳೆದರು ಅನ್ನುವುದು ನನ್ನ ಎದೆಯಲ್ಲಿ ಮುಳ್ಳಾಗಿ ನಿಂತಿದೆ. ಅವರಿಗೆ ಮೈ ತಾಗುವಂಥ ಕಣ ಸಿಕ್ಕಿತ್ತೆ? ಸಾಬರ ವಸ್ತಾದನ ಕೈಯಿಂದ ಬೆನ್ನಿಗೆ ಒಂದು ಗುದ್ದು ತಿಂದು ಕಲಿತಿದ್ದರೆ ಆ ಕೈ ವಿಷದ ಕಡೆಗೆ ಹೋಗುತ್ತಿತ್ತೆ? ಹೋಗುತ್ತಿರಲಿಲ್ಲ ಎಂದು ಆಣೆ ಮಾಡಿ ಹೇಳಲಾರೆ. ಆದರೆ ಕೇಳದೆ ಇರಲಾರೆ.

ಪ್ರತಿ ವರ್ಷ ಅಕ್ಟೋಬರ್ 23ಕ್ಕೆ ಕಿತ್ತೂರು ಉತ್ಸವ ನಡೆಯುತ್ತದೆ. 1824ರಲ್ಲಿ ಕಿತ್ತೂರಿನ ಮೇಲೆ ಬಂದ ಕಂಪನಿಯ ಅಧಿಕಾರಿ ಥ್ಯಾಕರೆ ಬಿದ್ದ ದಿನ ಅದು. ಉತ್ಸವದಲ್ಲಿ ಕುಸ್ತಿಯೂ ಇರುತ್ತದೆ, ಹೆಣ್ಣುಮಕ್ಕಳೂ ಕಣಕ್ಕಿಳಿಯುತ್ತಾರೆ, ಸಂತೋಷ. ಉತ್ಸವಕ್ಕೆ ಬರುವ ಮಂತ್ರಿಗಳು, ಶಾಸಕರು, ಜಿಲ್ಲಾಧಿಕಾರಿಗಳು ಆ ದಿನ ವೇದಿಕೆಯ ಮೇಲೆ ಇದಕ್ಕೆ ಉತ್ತರ ಕೊಡಬೇಕು. ನಾಲ್ಕು ತಾಲ್ಲೂಕಿನ ಪ್ರತಿ ಸರ್ಕಾರಿ ಶಾಲೆಯ ಮೈದಾನ ದಾಖಲೆಯಲ್ಲಿ ಎಷ್ಟು ಗುಂಟೆ, ನೆಲದ ಮೇಲೆ ಎಷ್ಟು ಗುಂಟೆ? ಒತ್ತಿದವರು ಯಾರು, ಸರ್ಕಾರದ ಇಲಾಖೆಗಳೂ ಸೇರಿ? ಬೀಗ ಬಿದ್ದ ಗರಡಿಗಳ ಬೀಗದ ಕೈ ಯಾರ ಹತ್ತಿರ ಇದೆ? ಟೈಲ್ಸ್ ಕಿತ್ತು ಮಣ್ಣು ತುಂಬಿಸುವುದು ಯಾವಾಗ? ಮಾಜಿ ಪೈಲ್ವಾನರಿಗೆ ಮಾಸಾಶನ ಕೊಡುವ ಸರ್ಕಾರ, ಇಂದು ಬೆಳಿಗ್ಗೆ ಐದಕ್ಕೆ ಎದ್ದು ಊರ ಮಕ್ಕಳಿಗೆ ಸಾಮು ಮಾಡಿಸುವ ವಸ್ತಾದನಿಗೆ ತಿಂಗಳ ಗೌರವಧನ ಯಾಕೆ ಕೊಡಬಾರದು? ಹಲಗಿ ಬಾರಿಸುವವನ ಮಗ, ಸಾಬರ ಮಗಳು, ಖಾನಾಪುರ ಕಾಡಿನ ಸಿದ್ದಿ ಹುಡುಗಿ ಆ ಕಣಕ್ಕೆ ಇಳಿಯುವಂತೆ ನೋಡಿಕೊಳ್ಳುವ ಹೊಣೆ ಯಾರದು? ಲೆಕ್ಕವನ್ನು ಕಾಗದದ ಮೇಲೆ ಬರೆದು, ಪ್ರತಿ ಗ್ರಾಮ ಪಂಚಾಯಿತಿಯ ಗೋಡೆಗೆ ಅಂಟಿಸಬೇಕು. ಅಲ್ಲಿಯವರೆಗೆ ನಮ್ಮ ಊರುಗಳ ಯಾವುದೇ ಬಯಲಿನಲ್ಲಿ ಇನ್ನೊಂದು ಅಡಿಗಲ್ಲು ಹಾಕಲು ಬಂದವರನ್ನು ಅಲ್ಲಿ ಆಡುವ ಮಕ್ಕಳ ಅಪ್ಪ ಅವ್ವಂದಿರೇ ಎದುರು ನಿಂತು ತಡೆಯಬೇಕು. ನಾನು ಅವರ ಜೊತೆ ನಿಲ್ಲುತ್ತೇನೆ.