ದನ ಕಟ್ಟಿದ್ದೀರಾ ಎಂದು ಯಾರೂ ಕೇಳಲಿಲ್ಲ

ಕಳೆದ ತಿಂಗಳು ಈ ಪುಟ ಖಾಲಿ ಹೋಯಿತು. ಇಬ್ಬರು ಮೂವರು ಓದುಗರು ಫೋನ್ ಮಾಡಿ ‘ಹುಷಾರಾಗಿದ್ದೀರಾ?’ ಎಂದು ವಿಚಾರಿಸಿದರು. ನಾನು ಹುಷಾರಾಗಿಯೇ ಇದ್ದೆ. ತಿಪಟೂರು ಕಡೆಯಿಂದ ಅಕ್ಕ, ಭಾವ ಪುಣೆಗೆ ಬಂದಿದ್ದರು. ನೆಂಟರಾಗಿ ಅಲ್ಲ, ಭಾವನ ಜ್ವರ ಕಟ್ಟಿಕೊಂಡು.

ಐದು ತಿಂಗಳ ಜ್ವರ. ದಸರಾ ಹೊತ್ತಿಗೆ ಶುರುವಾದದ್ದು. ಸಂಜೆ ಏರುವುದು, ರಾತ್ರಿ ದಿಂಬು ಒದ್ದೆಯಾಗುವಷ್ಟು ಬೆವರು, ಬೆಳಿಗ್ಗೆ ಏನೂ ಇಲ್ಲ. ಹತ್ತು ದಿನ ಚೆನ್ನಾಗಿದ್ದು ತೋಟಕ್ಕೂ ಹೋಗುತ್ತಿದ್ದರು, ಮತ್ತೆ ಮಲಗುತ್ತಿದ್ದರು. ಮೂರು ಸಲ ವಿಡಾಲ್ ಟೆಸ್ಟ್ ಮಾಡಿಸಿ ಮೂರು ಸಲವೂ ಟೈಫಾಯಿಡ್ ಎಂದು ಚೀಟಿ ಬರೆಸಿಕೊಂಡಿದ್ದರು. ಆಮೇಲೆ ಸೊಂಟ ಹಿಡಿಯಿತು. ಕೂತರೆ ಏಳಲಾಗದು. ಬೆನ್ನುಮೂಳೆಯ ಟಿ.ಬಿ. ಇರಬಹುದು ಎಂದು ಒಬ್ಬರು ಹೇಳಿದ ಮೇಲೆ ಅಕ್ಕ ಹೆದರಿ ನನಗೆ ಫೋನ್ ಮಾಡಿದಳು.

ಇಲ್ಲಿ ಒಂದು ಮಾತು ಒಪ್ಪಿಕೊಳ್ಳಬೇಕು. ಇಪ್ಪತ್ತಾರು ವರ್ಷದಿಂದ ನಾನು ಇಲ್ಲಿನ ಆಸ್ಪತ್ರೆಯೊಂದರ ಮೈಕ್ರೋಬಯಾಲಜಿ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದೇನೆ. ವಿಡಾಲ್ ಎಷ್ಟು ನಂಬಿಕೆಗೆ ಯೋಗ್ಯ ಅನ್ನುವುದು ನನಗೆ ಗೊತ್ತು. ಆದರೂ ಮೊದಲ ಸಲ ಅಕ್ಕ ಹೇಳಿದಾಗ ‘ಟೈಫಾಯಿಡ್ಡೇ ಇರಬೇಕು, ಕೋರ್ಸ್ ಪೂರ್ತಿ ಮುಗಿಸಲಿ’ ಎಂದು ಫೋನಿನಲ್ಲೇ ಮುಗಿಸಿದ್ದೆ. ಶನಿವಾರದ ಸಂಜೆ, ಕುಕ್ಕರ್ ಕೂಗುತ್ತಿತ್ತು.

ಇಲ್ಲಿ ತೋರಿಸಿದ ಡಾಕ್ಟರು ಮರಾಠಿಯವರು, ವಯಸ್ಸಾದವರು. ಫೈಲಿನ ದಪ್ಪ ನೋಡಿ ಪಕ್ಕಕ್ಕಿಟ್ಟರು. ‘ಘರೀ ಗುರಂ ಆಹೇತ್ ಕಾ?’ ಎಂದು ಕೇಳಿದರು. ಮನೆಯಲ್ಲಿ ದನ ಇದೆಯಾ ಅಂತ. ಭಾವನಿಗೆ ಮರಾಠಿ ಬಾರದು, ಹಿಂದಿಯೂ ಅಷ್ಟಕ್ಕಷ್ಟೆ. ನಡುವೆ ನಾನು ದುಭಾಷಿ. ‘ಎರಡು ಸೀಮೆಹಸು ಇದ್ದೋ’ ಅಂದರು ಭಾವ. ಕಂದು ಹಾಕಿದ್ದವಾ? ಹಾಕಿದ್ದವು. ಶ್ರಾವಣದಲ್ಲಿ ಗೌರಿ ಏಳು ತಿಂಗಳಿಗೆ ಕಂದು ಹಾಕಿತ್ತು, ಮಾಸು ಬಿದ್ದಿರಲಿಲ್ಲ. ಮಾಸು ತೆಗೆದವರು ಯಾರು? ‘ನಾನೇ. ಮಳೆ ಹೊಯ್ತಿತ್ತು, ಡಾಕ್ಟರು ಸಿಗ್ಲಿಲ್ಲ. ಕೈ ಹಾಕಿ ತೆಗೆದೆ.’ ಬರಿಗೈಯಲ್ಲಿ, ಮೊಣಕೈವರೆಗೆ.

ಡಾಕ್ಟರ ಮುಂದಿನ ಪ್ರಶ್ನೆ ಅನುವಾದ ಮಾಡಲು ನನಗೆ ಒಂದು ನಿಮಿಷ ಬೇಕಾಯಿತು. ಹೆಂಡತಿಯ ತಂಗಿ ಭಾವನಿಗೆ ಕೇಳುವ ಮಾತಲ್ಲ ಅದು. ನೆಲ ನೋಡಿಕೊಂಡು ‘ಭಾವ, ಕೆಳಗಡೆ ಬೀಜದಲ್ಲಿ ಬಾವು ಏನಾದರೂ ಇತ್ತಾ ಅಂತ ಕೇಳ್ತಿದಾರೆ’ ಅಂದೆ. ಅವರೂ ನೆಲ ನೋಡಿಕೊಂಡೇ ‘ಹೂಂ’ ಅಂದರು. ಒಂದು ತಿಂಗಳಿಂದ ಇತ್ತಂತೆ. ಅಕ್ಕನಿಗೂ ಹೇಳಿರಲಿಲ್ಲ. ಬೇರೆ ಏನೋ ಕೆಟ್ಟ ಕಾಯಿಲೆ ಅಂದುಕೊಂಡುಬಿಡುತ್ತಾರೆ ಎಂಬ ಭಯ.

ಆ ‘ಹೂಂ’ ಸಿಕ್ಕ ಮೇಲೆ ಉಳಿದದ್ದು ಬೇಗ ಮುಗಿಯಿತು. ರೋಸ್ ಬೆಂಗಾಲ್ ಎಂಬ ಪರೀಕ್ಷೆ ಇದೆ. ರಕ್ತದ ತಿಳಿ ಒಂದು ಹನಿ, ಅದರ ಪಕ್ಕ ಓಕುಳಿ ಬಣ್ಣದ ದ್ರಾವಣ ಒಂದು ಹನಿ. ಬೆರೆಸಿ ನಾಲ್ಕು ನಿಮಿಷ ಆಡಿಸಿದರೆ ಮೊಸರು ಒಡೆದ ಹಾಗೆ ಕಣಕಣವಾಗುತ್ತದೆ. ನಾನು ನೋಡಲು ಹೋಗಲಿಲ್ಲ. ನನ್ನ ಕೈಕೆಳಗಿನ ಹುಡುಗಿ ಬಂದು ಹೇಳಿದಳು. ಮುಂದೆ ರಕ್ತದ ಕಲ್ಚರಿನಲ್ಲೂ ಅದೇ ಬೆಳೆಯಿತು. ಬ್ರುಸೆಲ್ಲಾ. ನಮ್ಮ ಕಡೆ ದನದಲ್ಲಿ ಇದಕ್ಕೆ ಕಂದು ರೋಗ ಅನ್ನುತ್ತಾರೆ. ಮನುಷ್ಯರಿಗೆ ಬಂದಾಗ ಇದಕ್ಕೆ ಹಳ್ಳಿಯಲ್ಲಿ ಹೆಸರೇ ಇಲ್ಲ. ಹಾಗಾಗಿಯೇ ಟೈಫಾಯಿಡ್ ಹೆಸರಲ್ಲಿ, ಟಿ.ಬಿ. ಹೆಸರಲ್ಲಿ, ‘ಮೈಕೈ ನೋವು’ ಎಂಬ ಹೆಸರಲ್ಲಿ ಓಡಾಡಿಕೊಂಡಿರುತ್ತದೆ.

ಇದರ ಕಥೆ ಬ್ರಿಟಿಷರ ಸೈನ್ಯದಿಂದ ಶುರುವಾಗುತ್ತದೆ. ಮಾಲ್ಟಾ ದ್ವೀಪದಲ್ಲಿದ್ದ ಸೈನಿಕರಿಗೆ ಅಲೆಯಂತೆ ಏರಿಳಿಯುವ ಜ್ವರ ಬರುತ್ತಿತ್ತು. ಡೇವಿಡ್ ಬ್ರೂಸ್ ಎಂಬ ಸೇನಾ ವೈದ್ಯ 1887ರಲ್ಲಿ ಸತ್ತ ಸೈನಿಕನ ಗುಲ್ಮದಿಂದ ಈ ರೋಗಾಣುವನ್ನು ಬೇರ್ಪಡಿಸಿದ. ಎಲ್ಲಿಂದ ಬರುತ್ತದೆ ಅನ್ನುವುದು ಮಾತ್ರ ಇನ್ನೂ ಹದಿನೆಂಟು ವರ್ಷ ತಿಳಿಯಲಿಲ್ಲ. 1905ರಲ್ಲಿ ಅಲ್ಲಿಯವನೇ ಆದ ಥೆಮಿಸ್ಟೊಕ್ಲಿಸ್ ಝಮ್ಮಿಟ್ ಮೇಕೆಗಳ ರಕ್ತ ಪರೀಕ್ಷಿಸಿದ. ನೋಡಲು ಗಟ್ಟಿಮುಟ್ಟಾಗಿದ್ದ, ಚೆನ್ನಾಗಿ ಹಾಲು ಕರೆಯುತ್ತಿದ್ದ ಮೇಕೆಗಳೇ ರೋಗ ಹೊತ್ತುಕೊಂಡಿದ್ದವು. ಮರುವರ್ಷ ಸೈನಿಕರಿಗೆ ಮೇಕೆ ಹಾಲು ನಿಲ್ಲಿಸಿದರು. ಜ್ವರವೂ ಇಳಿದುಹೋಯಿತು.

ನನಗೆ ಇವರಿಬ್ಬರಿಗಿಂತ ಹತ್ತಿರದವಳು ಆಲಿಸ್ ಇವಾನ್ಸ್. ಅಮೆರಿಕದ ಕೃಷಿ ಇಲಾಖೆಯಲ್ಲಿ ಹಾಲಿನ ಬ್ಯಾಕ್ಟೀರಿಯಾ ನೋಡುತ್ತಿದ್ದವಳು. ಹಸು ಕಂದು ಹಾಕಲು ಕಾರಣವಾದ ರೋಗಾಣು ಮತ್ತು ಮಾಲ್ಟಾ ಮೇಕೆಯ ರೋಗಾಣು ಹತ್ತಿರದ ಸಂಬಂಧಿಗಳು, ಹಸುವಿನ ಹಸಿಹಾಲಿನಿಂದ ಮನುಷ್ಯನಿಗೂ ಅಪಾಯ ಎಂದು 1918ರಲ್ಲಿ ಬರೆದಳು. ದೊಡ್ಡ ದೊಡ್ಡವರು ನಂಬಲಿಲ್ಲ. ಹೆಂಗಸು, ಅದರಲ್ಲೂ ಪಿಎಚ್‌ಡಿ ಇಲ್ಲದವಳು. ಹಾಲಿನ ವ್ಯಾಪಾರದವರಿಗೂ ಇಷ್ಟವಾಗಲಿಲ್ಲ. 1922ರಲ್ಲಿ ಲ್ಯಾಬಿನ ಕೆಲಸದಲ್ಲೇ ಅವಳಿಗೆ ಆ ರೋಗ ಅಂಟಿತು. ಸುಮಾರು 20 ವರ್ಷ ಬಿಟ್ಟು ಬಿಟ್ಟು ಕಾಡಿತು. ಅದಕ್ಕಿಂತ ನೋವಿನ ಸಂಗತಿ, ನಡುವೆ ಕೆಲವು ವರ್ಷ ಡಾಕ್ಟರುಗಳು ಅವಳಿಗೆ ಇರುವುದು ನರದೌರ್ಬಲ್ಯ ಎಂದರು. ಅಂದರೆ ಕಾಯಿಲೆ ಮೈಯಲ್ಲಿಲ್ಲ, ಮನಸ್ಸಿನಲ್ಲಿದೆ ಅಂತ. ಆ ರೋಗದ ಬಗ್ಗೆ ಎಲ್ಲರಿಗಿಂತ ಹೆಚ್ಚು ಗೊತ್ತಿದ್ದವಳಿಗೇ ಈ ಗತಿ. ಭಾವನಿಗೂ ಊರಲ್ಲಿ ‘ಸೋಮಾರಿತನ’ ಎಂದವರಿದ್ದಾರೆ. ನಮ್ಮ ಲ್ಯಾಬಿನಲ್ಲಿ ಇಂದಿಗೂ ಚೀಟಿಯ ಮೇಲೆ ಬ್ರುಸೆಲ್ಲಾ ಅನುಮಾನ ಎಂದು ಬರೆದಿದ್ದರೆ ಕಲ್ಚರ್ ತಟ್ಟೆಯನ್ನು ಹೊರಗೆ ತೆರೆಯುವುದಿಲ್ಲ, ಮೂಸಿಯಂತೂ ನೋಡುವುದಿಲ್ಲ.

ಈ ರೋಗಾಣುವಿನ ಜಾಣತನ ಎರಡು. ಒಂದು, ನಮ್ಮ ರಕ್ತದಲ್ಲಿ ಕ್ರಿಮಿ ನುಂಗುವ ಕೆಲಸದ ಕಣಗಳಿರುತ್ತವಲ್ಲ, ಅವುಗಳ ಒಳಗೇ ಹೋಗಿ ಬದುಕುತ್ತದೆ. ಪೊಲೀಸ್ ಠಾಣೆಯಲ್ಲೇ ಕಳ್ಳ ಬಾಡಿಗೆಗಿದ್ದ ಹಾಗೆ. ಅದಕ್ಕೇ ಒಂದೇ ಮಾತ್ರೆ, ಒಂದೇ ವಾರ ಸಾಲದು. ಡಾಕ್ಸಿಸೈಕ್ಲಿನ್ ಜೊತೆಗೆ ರಿಫಾಂಪಿಸಿನ್, ಆರು ವಾರ. ಮೂಳೆಗೆ ಹೋಗಿದ್ದರೆ ಇನ್ನೂ ಹೆಚ್ಚು. ಜ್ವರ ಮೊದಲ ವಾರದಲ್ಲೇ ಬಿಡುತ್ತದೆ, ‘ವಾಸಿಯಾಯ್ತಲ್ಲ’ ಎಂದು ನಿಲ್ಲಿಸಿದರೆ ಮತ್ತೆ ಬರುತ್ತದೆ. ಎರಡು, ಗಬ್ಬದ ಹಸುವಿನ ಗರ್ಭಕೋಶದಲ್ಲಿ, ಮಾಸಿನಲ್ಲಿ ಎರಿತ್ರಿಟಾಲ್ ಎಂಬ ಸಿಹಿ ವಸ್ತು ಇರುತ್ತದೆ, ಇದಕ್ಕೆ ಅದು ಹಬ್ಬದೂಟ. ಐದು ತಿಂಗಳು ದಾಟಿದ ಮೇಲೆ ಕಂದು ಬೀಳುವುದು ಆಗ. ಬಿದ್ದ ಕಂದು, ಮಾಸು, ನೀರು ಎಲ್ಲದರಲ್ಲೂ ರೋಗಾಣು ತುಂಬಿರುತ್ತದೆ. ಬರಿಗೈಯ ಒಂದು ಸಣ್ಣ ಗೀರು ಸಾಕು.

ಹೆಚ್ಚಿನ ಹಸುಗಳು ಒಮ್ಮೆ ಕಂದು ಹಾಕುತ್ತವೆ, ಅಷ್ಟೆ. ಮುಂದಿನ ಸಲ ಸರಿಯಾಗಿಯೇ ಕರು ಹಾಕುತ್ತವೆ, ಹಾಲೂ ಕೊಡುತ್ತವೆ. ‘ಈಗ ಸರಿಹೋಯ್ತು’ ಅನ್ನುತ್ತಾರೆ. ರೋಗ ಮಾತ್ರ ಕೆಚ್ಚಲಲ್ಲಿ ಕೂತಿರುತ್ತದೆ.

ಲಸಿಕೆ ಇಲ್ಲವೇ ಎಂದು ಕೇಳಬಹುದು. ಇದೆ, ನೂರು ವರ್ಷ ಹಳೆಯ ತಳಿಯದು. ಜಾನ್ ಬಕ್ ಎಂಬಾತ 1923ರಲ್ಲಿ ಜರ್ಸಿ ಹಸುವೊಂದರ ಹಾಲಿನಿಂದ ತೆಗೆದ ರೋಗಾಣುವಿನ ಕಲ್ಚರ್ ಲ್ಯಾಬಿನ ಮೇಜಿನ ಮೇಲೆ ಮರೆತು ಒಂದು ವರ್ಷಕ್ಕೂ ಹೆಚ್ಚು ಕಾಲ ಉಳಿದುಹೋಯಿತು. ಆಮೇಲೆ ನೋಡಿದರೆ ಅದರ ವಿಷ ತಗ್ಗಿತ್ತು. ಅದೇ ಎಸ್19. ಲ್ಯಾಬ್ ಅಚ್ಚುಕಟ್ಟಾಗಿರಬೇಕು ಎಂದು ನಾನು ಹುಡುಗರಿಗೆ ಗದರುವಾಗೆಲ್ಲ ಈ ಕಥೆ ಅವರಿಗೆ ಗೊತ್ತಿಲ್ಲದಿರಲಿ ಎಂದುಕೊಳ್ಳುತ್ತೇನೆ. ಕೇಂದ್ರ ಸರ್ಕಾರ ಕಾಲುಬಾಯಿ ರೋಗ ಮತ್ತು ಕಂದು ರೋಗಕ್ಕೆ 2019ರ ಸೆಪ್ಟೆಂಬರಿನಲ್ಲಿ ಆರಂಭಿಸಿದ ಕಾರ್ಯಕ್ರಮದಲ್ಲಿ ನಾಲ್ಕರಿಂದ ಎಂಟು ತಿಂಗಳೊಳಗಿನ ಹೆಣ್ಣುಕರುಗಳಿಗೆ ಜೀವಮಾನದಲ್ಲಿ ಒಮ್ಮೆ ಲಸಿಕೆ ಹಾಕುತ್ತಾರೆ. ಬೆಂಗಳೂರಿನ ಯಲಹಂಕದಲ್ಲಿರುವ ನಿವೇದಿ ಸಂಸ್ಥೆ ಈ ರೋಗದ ಪರೀಕ್ಷಾ ಕಿಟ್ಟುಗಳ ಮೇಲೂ ಹರಡುವಿಕೆಯ ಮೇಲೂ ಕೆಲಸ ಮಾಡುತ್ತಿದೆ. ಲಸಿಕೆ ಜೀವಂತ ರೋಗಾಣುವಿನದ್ದು. ಗಬ್ಬದ ಹಸುವಿಗೆ ಹಾಕುವಂತಿಲ್ಲ, ಹಾಕುವವರ ಕೈಗೆ ಸೂಜಿ ಚುಚ್ಚಿದರೆ ಅವರಿಗೂ ರೋಗ ಬರಬಹುದು. ಮನುಷ್ಯರಿಗೆ ಲಸಿಕೆ ನಮ್ಮಲ್ಲಿಲ್ಲ.

ಗೌರಿಗೆ ಕರುವಾಗಿದ್ದಾಗ ಲಸಿಕೆ ಬಿದ್ದಿತ್ತೇ? ಯಾರಿಗೆ ಗೊತ್ತು. ಅದನ್ನು ಮೂರು ತಿಂಗಳ ಗಬ್ಬವಿದ್ದಾಗ ಸಂತೆಯಲ್ಲಿ ತಂದದ್ದು. ಚೌಕಾಸಿಗೆ ಮೀರಿ ಕಡಿಮೆ ಬೆಲೆಗೆ ಸಿಕ್ಕಿತು ಎಂದು ಭಾವ ಆಗ ಫೋಟೊ ಬೇರೆ ಕಳಿಸಿದ್ದರು. ಅದು ಕಂದು ಹಾಕಿದ ಎರಡು ತಿಂಗಳಿಗೆ ಕೊಟ್ಟಿಗೆಯಲ್ಲಿ ಹುಟ್ಟಿ ಬೆಳೆದ ಸೀತೆಯೂ ಕಂದು ಹಾಕಿತು. ಅಷ್ಟು ಹೊತ್ತಿಗೆ ಭಾವ ಮಲಗಿದ್ದರು, ದುಡ್ಡು ಬೇಕಿತ್ತು. ದೀಪಾವಳಿ ಮುಗಿದ ಮೇಲೆ ಅಕ್ಕ ಗೌರಿಯನ್ನು ಪಕ್ಕದ ಹಳ್ಳಿಯವರಿಗೆ ಮಾರಿದಳು. ಕಂದು ಹಾಕಿದ ವಿಷಯ ಹೇಳಲಿಲ್ಲ.

ಇದು ನನಗೆ ಗೊತ್ತಾದದ್ದು ಮಾತ್ರೆ ಶುರುವಾದ ಮೂರನೆಯ ದಿನ, ಅಡುಗೆಮನೆಯಲ್ಲಿ. ‘ಅಕ್ಕ, ಅವರಿಗೆ ಹೇಳಬೇಕು’ ಅಂದೆ. ಅಕ್ಕ ಸೊಪ್ಪು ಬಿಡಿಸುತ್ತಿದ್ದಳು. ‘ನಮಗೆ ಮಾರ್ದೋನು ಹೇಳಿದ್ನಾ?’ ಅಂದಳು. ಉತ್ತರ ಹೊಳೆಯಲಿಲ್ಲ. ಅವನಿಗೂ ಯಾರೋ ಹೇಳದೆ ಮಾರಿರಬಹುದು. ‘ಹೇಳಿದ್ರೆ ದುಡ್ಡು ವಾಪಸ್ ಕೇಳ್ತಾರೆ. ಎಲ್ಲಿಂದ ಕೊಡಾದು? ಇಲ್ಲಿನ ಬಿಲ್ಲೇ ನೀನು ಕಟ್ಟಿದೀಯ.’ ಮತ್ತೆ ಸ್ವಲ್ಪ ಹೊತ್ತು ಬಿಟ್ಟು, ‘ಊರಲ್ಲಿ ನಮ್ಮನೆ ಹಾಲು ಡೈರಿನಲ್ಲಿ ತಗೋತಾರಾ ಆಮೇಲೆ?’

ವಿದೇಶಗಳಲ್ಲಿ ಈ ರೋಗವನ್ನು ಓಡಿಸಿದ್ದು ಲಸಿಕೆಯೊಂದರಿಂದಲೇ ಅಲ್ಲ. ಪರೀಕ್ಷೆ ಮಾಡಿ, ರೋಗವಿದ್ದ ದನವನ್ನು ಕೊಂದು, ಮಾಲೀಕನಿಗೆ ಪರಿಹಾರ ಕೊಟ್ಟು. ನಮ್ಮಲ್ಲಿ ಅದು ಆಗದ ಮಾತು, ಅಕ್ಕನ ಮನೆಯಲ್ಲಂತೂ ಆ ಮಾತು ಎತ್ತುವಂತೆಯೇ ಇಲ್ಲ. ಹಾಗಿದ್ದ ಮೇಲೆ ರೋಗದ ಹಸು ಇರುವುದು ಎರಡೇ ಜಾಗದಲ್ಲಿ, ಕೊಟ್ಟಿಗೆಯಲ್ಲಿ ಅಥವಾ ಸಂತೆಯಲ್ಲಿ. ಬೇರೆ ಕಟ್ಟಬೇಕು, ಹಾಲು ಚೆನ್ನಾಗಿ ಕಾಯಿಸಬೇಕು, ಕರು ಹಾಕುವಾಗ ಕೈಗವಸು ಹಾಕಬೇಕು, ಮಾಸನ್ನು ನಾಯಿಗೆ ಬಿಡದೆ ಸುಣ್ಣ ಹಾಕಿ ಆಳಕ್ಕೆ ಹೂಳಬೇಕು. ಸಂತೆಗೆ ಹೊಡೆಯಬಾರದು. ಈ ಕೊನೆಯದರ ಖರ್ಚು ಯಾರದು ಅನ್ನುವುದನ್ನು ಯಾರೂ ಹೇಳುವುದಿಲ್ಲ. ಪುಣೆಯ ಫ್ಲ್ಯಾಟಿನಲ್ಲಿ ಪ್ಯಾಕೆಟ್ ಹಾಲು ಕುಡಿಯುವ ನಾನು ಅಕ್ಕನಿಗೆ ಧರ್ಮ ಹೇಳುವುದು ಸುಲಭ, ಅದು ನನಗೂ ಗೊತ್ತು.

ಪ್ಯಾಕೆಟ್ ಹಾಲಿಗೆ ಭಯವಿಲ್ಲ, ಪಾಶ್ಚರೀಕರಣಕ್ಕೆ ಈ ರೋಗಾಣು ಸಾಯುತ್ತದೆ. ಡೈರಿಗೆ ಹೋದ ಹಾಲೂ ಹಾಗೆ ಕಾದೇ ನಮ್ಮ ಮನೆಗೆ ಬರುತ್ತದೆ. ತಬೇಲಾದಿಂದ ಹಾಲು ತರಿಸುವವರು ಉಕ್ಕುವವರೆಗೆ ಕಾಯಿಸಿ. ರಜೆಗೆ ಊರಿಗೆ ಹೋದಾಗ ಮಕ್ಕಳಿಗೆ ‘ನೊರೆಹಾಲು ಕುಡಿ, ಸಿಟಿಯಲ್ಲಿ ಸಿಗಲ್ಲ’ ಎಂದು ತಂಬಿಗೆ ಹಿಡಿಯುವ ಅಜ್ಜಂದಿರಿಗೆ ಹೇಗೆ ಹೇಳುವುದೋ ನೀವೇ ನೋಡಿ. ನಾನು ನನ್ನ ಮಕ್ಕಳಿಗೆ ಕುಡಿಸಿದ್ದೇನೆ.

ಭಾವನಿಗೆ ಜ್ವರ ಬಿಟ್ಟಿತು. ಬಾವು ಇಳಿಯಿತು. ಎರಡು ವಾರ ಇದ್ದು ಹೊರಟರು. ಮೂಳೆಯ ಕಾರಣಕ್ಕೆ ಮಾತ್ರೆ ಮೂರು ತಿಂಗಳು. ರೈಲು ಹತ್ತಿಸುವಾಗ ಅಕ್ಕನಿಗೆ ಮತ್ತೆ ಆ ಮಾತು ಎತ್ತಲಿಲ್ಲ. ಭಾವನಿಗೆ ಮಾತ್ರ, ಅವರ ಮುಖ ನೋಡಿಯೇ, ‘ಆ ಮನೇಲಿ ಹಾಲು ಕರೆಯೋರು ಯಾರು ಭಾವ?’ ಎಂದು ಕೇಳಿದೆ. ‘ಆ ಹೆಣ್ಮಗಳು. ನಮ್ಮ ಸಣ್ಣವಳ ವಾರಗೆ’ ಅಂದರು.

ಮೊನ್ನೆ ಭಾನುವಾರ ಅಕ್ಕನ ಫೋನ್. ಭಾವ ಟಿವಿಎಸ್ ತಗೊಂಡು ಹೋಗಿ ಹೇಳಿಬಂದರಂತೆ. ಇವಳಿಗೆ ಹೇಳದೇ ಹೋದದ್ದು. ಗೌರಿ ಅಲ್ಲಿ ಎರಡು ತಿಂಗಳ ಗಬ್ಬವಂತೆ. ಆ ಯಜಮಾನ ಬೈದನಂತೆ, ಆಮೇಲೆ ಕಾಫಿ ಕೊಟ್ಟನಂತೆ. ಅರ್ಧ ದುಡ್ಡು ವಾಪಸ್, ಕೊಬ್ಬರಿ ಮಾರಿದ ಮೇಲೆ. ‘ಎರಡೂ ಮನೆ ಹಸೀನೂ, ಕರೆಯೋರನ್ನೂ ಪರೀಕ್ಷೆ ಮಾಡಿಸಬೇಕಂತೆ, ಇವರೇ ಡಾಕ್ಟರ ಹತ್ರ ಮಾತಾಡಿಕೊಂಡು ಬಂದಿದಾರೆ’ ಅಂದಳು ಅಕ್ಕ. ಸಿಟ್ಟಿನ್ನೂ ಇಳಿದಿರಲಿಲ್ಲ. ಫೋನ್ ಇಡುವ ಮುಂಚೆ ಕೇಳಿದಳು: ‘ನಾನೂ ರಕ್ತ ಕೊಡಬೇಕೇನೇ? ಕೈ ಹಾಕ್ದಾಗ ದೀಪ ಹಿಡ್ಕೊಂಡಿದ್ದೋಳು ನಾನೇ.’

ಕೊಡಬೇಕು ಅಂದೆ. ಗುರುವಾರ ಕೊಡುತ್ತಾಳೆ.