ಬೀಜದ ಗಿಡಕ್ಕೆ ಕಾಯಬೇಕೇ?

ಕಾಡುಹಣ್ಣಿನ ಗಿಡವನ್ನು ಬೀಜದಿಂದಲೇ ಬೆಳೆಸಿ ಎಂದರೆ ನಗುವವರೇ ಹೆಚ್ಚು. ಕಸಿ ಗಿಡ ಸಿಗುವಾಗ 8–10 ವರ್ಷ ಯಾರು ಕಾಯುತ್ತಾರೆ? ಮುರುಗಲಿನ ಮಟ್ಟಿಗೆ ಈ ಮಾತು ಅರ್ಧ ಸರಿ. ಅದರಲ್ಲಿ ಗಂಡು ಮರ, ಹೆಣ್ಣು ಮರ ಬೇರೆ ಬೇರೆ. ಹೂ ಬಿಡುವತನಕ ಯಾವುದು ಯಾವುದೆಂದು ತಿಳಿಯದು, ಬೀಜದ ಸಸಿಗಳಲ್ಲಿ ಸುಮಾರು ಅರ್ಧ ಗಂಡೇ. ಹಾಗೆಂದು ಗಂಡು ದಂಡವಲ್ಲ. ಅದರ ಬುಡಕ್ಕೇ ಹೆಣ್ಣು ಮರದ ಕುಡಿ ಕಸಿ ಕಟ್ಟಬಹುದು. ಆದರೂ ಮುರುಗಲು ಜೋಯಿಡಾದ ಮಳೆಕಾಡಿಗೆ ಒಪ್ಪುವ ಮರ. ಮಲೆನಾಡು ಮುಗಿದು ಬಯಲುಸೀಮೆ ಶುರುವಾಗುವ ಅತ್ತಿವೇರಿಯ ಸುತ್ತಮುತ್ತ ನೇರಳೆಯೇ ವಾಸಿ. ಅದರ ಬೀಜ ಒಣಗಿದರೆ ಕೆಟ್ಟಿತು. ತಿರುಳು ತೊಳೆದು ವಾರದೊಳಗೆ ಊರಬೇಕು. ಒಂದೇ ಬೀಜದಿಂದ ಎರಡು–ಮೂರು ಮೊಳಕೆ ಏಳುವುದುಂಟು, ಅವುಗಳಲ್ಲಿ ಕೆಲವು ತಾಯಿಮರದ ಪಡಿಯಚ್ಚು. ಬೀಜದ ಗಿಡ ತಾಯಿಯಂತಿರದು ಎಂಬ ಆಕ್ಷೇಪ ಹೀಗಾಗಿ ಇಲ್ಲಿ ಪೂರ್ತಿ ನಿಲ್ಲುವುದಿಲ್ಲ. ಇದ್ದಲ್ಲೇ ಮೊಳೆತ ಸಸಿಯ ತಾಯಿಬೇರು ನೇರ ಆಳಕ್ಕಿಳಿಯುತ್ತದೆ. ಪ್ಲಾಸ್ಟಿಕ್ ತೊಟ್ಟೆಯಲ್ಲಿ ಸುರುಳಿ ಸುತ್ತಿದ ಬೇರು ಮೊದಲ ಬೇಸಿಗೆಗೇ ಸೋಲಬಹುದು. ಮಾರಾಟದ ತೋಟಕ್ಕೆ ಕಸಿಯೇ ಇರಲಿ, ಬೇಲಿಗೂ ಕೆರೆದಂಡೆಗೂ ಬೀಜ ಸಾಕು. ಈ ಜೂನಿನಲ್ಲಿ ನೇರಳೆ ತಿಂದವರು ಬೀಜ ಉಗಿಯುವ ಮುನ್ನ ಒಂದು ಗುಂಡಿ ತೋಡಿ.